ಬೆತ್ತದ ಮೇಲಿನ ಸಾಗರದ ಗೆರೆ

ಮೊನ್ನೆ ಬಂಕಿನಲ್ಲಿ ಪೈಪು ತೆಗೆಯುವಾಗ ನಾಲ್ಕು ಹನಿ ಪೆಟ್ರೋಲು ನನ್ನ ಅಂಗೈ ಮೇಲೆ ಬಿತ್ತು. ಮನೆಗೆ ಬಂದು ಎರಡು ಸಲ ಸೋಪು ಹಾಕಿ ತೊಳೆದರೂ ವಾಸನೆ ಹೋಗಲಿಲ್ಲ. ಹೊಸನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಟ್ಯಾಕ್ಸಿಯವರು ನೆನಪಾದರು...

ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಅಲ್ಲಿ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಅವರ ಹಳೆಯ ಕಾರಿನ ಪೆಟ್ರೋಲ್ ಮುಳ್ಳು ಕೆಟ್ಟು ವರ್ಷಗಳಾಗಿದ್ದವು. ಹುಲಿಕಲ್ ಕಾಡಿನಿಂದ ತಂದ ಬೆತ್ತವೊಂದನ್ನು ಟ್ಯಾಂಕಿಗೆ ಇಳಿಸಿ, ಎಲ್ಲಿಯವರೆಗೆ ಒದ್ದೆಯಾಗಿದೆ ಎಂದು ನೋಡುತ್ತಿದ್ದರು. ಬೆತ್ತದ ಮೇಲೆ ಲೀಟರಿನ ಗುರುತಿರಲಿಲ್ಲ; ಚಾಕುವಿನಲ್ಲಿ ಕೊರೆದ ಊರುಗಳಿದ್ದವು. ಕೋಣಂದೂರಿಗೆ ಒಂದು ಗೆರೆ, ಸಾಗರಕ್ಕೊಂದು, ತೀರ್ಥಹಳ್ಳಿಗೊಂದು. ಒಂದು ಬದಿ ಬೇಸಿಗೆಗೆ, ಇನ್ನೊಂದು ಬದಿ ಮಳೆಗಾಲಕ್ಕೆ. ಮಳೆಗಾಲದ ಗೆರೆಗಳು ಮೇಲಕ್ಕಿದ್ದವು, ಕೆಸರು ಪೆಟ್ರೋಲು ಕುಡಿಯುತ್ತದಂತೆ. ನನಗೋ ಅದೊಂದು ತಮಾಷೆ. ಕಾರಿನ ಜೊತೆ ಬಂದಿದ್ದ ಕಂಪನಿಯ ಇಂಗ್ಲಿಷ್ ಪುಸ್ತಕದ ಮೈಲೇಜನ್ನು ಓದಿ ಹೇಳಿ ಅವರನ್ನು ಕಿಚಾಯಿಸುತ್ತಿದ್ದೆ.

"ಆ ಬುಕ್ಕು ಬರ್ದೋರು ನಮ್ ರೋಡಿಗೆ ಬಂದಿದ್ರಾ ಮೇಷ್ಟ್ರೇ?" ಎಂದು ಅವರು ನಗುತ್ತಿದ್ದರು.

ಒಂದು ಆಷಾಢದ ಮಧ್ಯಾಹ್ನ, ಚೊಚ್ಚಲ ಹೆರಿಗೆಗೆ ಬಂದಿದ್ದ ಅಕ್ಕನಿಗೆ ನೋವು ಜಾಸ್ತಿಯಾಯಿತು. ಡಾಕ್ಟರು ತಕ್ಷಣ ಸಾಗರಕ್ಕೆ ಒಯ್ಯಿರಿ ಎಂದರು. ಬಂಕಿನಲ್ಲಿ ಸ್ಟಾಕಿಲ್ಲ. ಅಕ್ಕನನ್ನು ಅಮ್ಮ ಇನ್ನೂ ಒಳಗಿಂದ ಕರೆತರುತ್ತಿದ್ದರು. ಟ್ಯಾಕ್ಸಿಯವರು ಬೆತ್ತ ಎತ್ತಿ ನೋಡಿ ತಲೆಯಾಡಿಸಿದರು.

"ಸಾಗರ ಮುಟ್ಟಲ್ಲ. ಜೀಪಿನೋರ ಮನೇಲಿ ಒಂದ್ ಕ್ಯಾನ್ ಇದೆ, ಅರ್ಧ ಗಂಟೆ ಕೊಡಿ, ತರ್ತೀನಿ."

"ಪುಸ್ತಕದ ಪ್ರಕಾರ ಹೋಗಿ ವಾಪಸ್ ಬರೋವಷ್ಟಿದೆ. ಸುಮ್ನೆ ಹೊರಡಿ!" ಎಂದು ನಾನು ರೇಗಿದೆ.

ಅವರು ಬೆತ್ತ ಒರೆಸಿ ಸೀಟಿನ ಕೆಳಗಿಟ್ಟರು. ಓದಿದವನ ಮಾತಿಗೆ ಎದುರಾಡುವ ಅಭ್ಯಾಸ ಅವರಿಗಿರಲಿಲ್ಲ.

ಸಾಗರ ಇನ್ನೂ ಆರೇಳು ಮೈಲಿ ಇರುವಾಗ, ಒಂದು ಏರಿನಲ್ಲಿ ಕಾರು ಎರಡು ಸಲ ಕೆಮ್ಮಿ ನಿಂತಿತು. ಅವರು ಚಪ್ಪಲಿ ಬಿಟ್ಟು ಕೆಸರಿನಲ್ಲಿ ಓಡಿದರು. ಕ್ಯಾನ್ ಹಿಡಿದು ಯಾವುದೋ ಲಾರಿಯಲ್ಲಿ ವಾಪಸಾಗುವಾಗ ಒಂದೂವರೆ ಗಂಟೆಯಾಗಿತ್ತು. ಅಕ್ಕ ಉಳಿದಳು. ಮಗು ಉಳಿಯಲಿಲ್ಲ.

ಸಂಜೆಯ ಬಸ್ಸಿಗೆ ಬಂದ ಅಪ್ಪ ಆಸ್ಪತ್ರೆಯ ಬಾಗಿಲಲ್ಲೇ ಅವರ ಮೇಲೆ ಕೂಗಾಡಿದರು: "ಪೆಟ್ರೋಲ್ ನೋಡ್ದೇ ಗಾಡಿ ತೆಗೀತೀಯೇನೋ?"

ಅವರು ಒಮ್ಮೆ ನನ್ನ ಕಡೆ ನೋಡಿದರು. ನಾನು ಬಾಯಿ ಬಿಡಲಿಲ್ಲ.

"ತಪ್ಪಾಯ್ತು," ಎಂದರು ಅವರು.

ಆಮೇಲೆ ಊರಿನಲ್ಲಿ ಯಾರೂ ಅವರ ಕಾರು ಹತ್ತಲಿಲ್ಲ. ಕಾರು ಮಾರಿ, ಹೆಂಡತಿಯ ಊರು ಬ್ಯಾಕೋಡಿಗೆ ಹೋದರು. ಎಂಬತ್ತರ ದಶಕದಲ್ಲೇ ಅಲ್ಲಿ ತೀರಿಕೊಂಡರಂತೆ. ಲಾಂಚಿನಲ್ಲಿ ಹಿನ್ನೀರು ದಾಟಿದರೆ ಬ್ಯಾಕೋಡೇನು ದೂರವಲ್ಲ. ನಾನು ಹೋಗಲಿಲ್ಲ, ಹೇಡಿ ನಾನು...

ಅಕ್ಕ ಈಗ ನಮ್ಮ ಮನೆಯಲ್ಲೇ ಇದ್ದಾಳೆ. ಅವಳಿಗೆ ಮತ್ತೆ ಮಕ್ಕಳಾಗಲಿಲ್ಲ. ಮೊನ್ನೆ ಊಟಕ್ಕೆ ಬಡಿಸುತ್ತಿದ್ದವಳು ನನ್ನ ಕೈ ಹತ್ತಿರ ಬಂದು ಮೂಗು ಮುಚ್ಚಿಕೊಂಡಳು.

"ಪೆಟ್ರೋಲ್ ವಾಸ್ನೆ ಬಂದ್ರೆ ಆ ಟ್ಯಾಕ್ಸಿಯವ್ನೇ ನೆನಪಾಗ್ತಾನೆ ಕಣೋ, ಪಾಪಿ."

ಅವಳ ಮುಖ ನೋಡಿದೆ. ನಂತರ ತಟ್ಟೆ ಬಿಟ್ಟು, ಮತ್ತೊಮ್ಮೆ ಕೈ ತೊಳೆಯಲು ಎದ್ದೆ.