ಗಿಳಿ ಹಸಿರು ಎಂದು ನಾನು ಹೇಳಿದ ಬುಟ್ಟಿ

ಪುಟ್ಟೀ, ಚಿನ್ನೂ,

ಕಣ್ಣು ಕಾಣದ ಚಿಕ್ಕಜ್ಜಿ ವೈರ್ ಬುಟ್ಟಿಯಲ್ಲಿ ಬಣ್ಣದ ಹೂವು ಹೇಗೆ ತೆಗೆಯುತ್ತಾಳೆ ಎಂದು ಹೋದ ರಜೆಯಲ್ಲಿ ನೀವು ನನ್ನನ್ನು ಕೇಳಿದಿರಿ. ನಾನು ಅಭ್ಯಾಸ ಎಂದಷ್ಟೇ ಹೇಳಿ, ಒಲೆ ನೋಡುವ ನೆಪದಲ್ಲಿ ಒಳಗೆ ಹೋದೆ. ಒಲೆಯ ಮೇಲೆ ಏನೂ ಇರಲಿಲ್ಲ. ನಾಚಿಕೆಯಾಗಿ ಹೋದೆ. ಏನು ನಾಚಿಕೆ ಎಂಬುದನ್ನು ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಓದಿದ ನನಗೆ ಮಾತಾಡುವುದಕ್ಕಿಂತ ಬರೆಯುವುದೇ ಸಲೀಸು.

ಚಿಕ್ಕಜ್ಜಿ ನಿಮ್ಮ ತಾತನ ತಂಗಿ. ಕೊಣನೂರಿನ ಹತ್ತಿರದ ಈ ಮನೆಗೆ ನಾನು ಸೊಸೆಯಾಗಿ ಬಂದಾಗ ಅವಳು ಗೋಡೆ ಸವರಿಕೊಂಡು ಓಡಾಡುತ್ತಿದ್ದಳು. ಹುಟ್ಟಿನಿಂದಲೇ ಹೀಗೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ, ಅವಳನ್ನಂತೂ ಕೇಳಲೇ ಇಲ್ಲ. ತಾತ ತೀರಿಕೊಂಡು, ನಿಮ್ಮಪ್ಪ ಹಾಸನದ ಹಾಸ್ಟೆಲಿಗೆ ಸೇರಿದ ಮೇಲೆ ಮನೆಯಲ್ಲಿ ನಾವಿಬ್ಬರೇ ಉಳಿದೆವು. ಆಗ ಎಲ್ಲರ ಮನೆಯಲ್ಲೂ ಪ್ಲಾಸ್ಟಿಕ್ ವೈರ್ ಬುಟ್ಟಿಯ ಹುಚ್ಚು. ಅವಳು ಒಂದು ಹಳೆಯ ಬುಟ್ಟಿಯನ್ನು ಗಂಟು ಗಂಟಾಗಿ ಬಿಚ್ಚಿ, ಮತ್ತೆ ಹಾಕಿ, ಮತ್ತೆ ಬಿಚ್ಚಿ, ತಾನೇ ಕಲಿತಳು. ಒಂದೊಂದು ಬಣ್ಣದ ವೈರನ್ನು ಒಂದೊಂದು ಗಡಿಗೆಯಲ್ಲಿಟ್ಟು, ಗಂಟು ಎಣಿಸಿಕೊಂಡು ಹೂವು ಕೂರಿಸುತ್ತಿದ್ದಳು. ವೈರ್ ತರುವುದು, ಯಾವುದು ಯಾವ ಬಣ್ಣ ಎಂದು ಹೇಳುವುದು ನನ್ನ ಕೆಲಸ.

ಅವಳ ಅಕ್ಕನ ಮಗಳಿಗೆ ಮದುವೆ ಗೊತ್ತಾಯಿತು. ಮಡಿಲು ತುಂಬುವ ಅಕ್ಕಿ, ಕಾಯಿ, ಎಲೆಯಡಿಕೆ ಇಡಲು ಒಂದು ಬುಟ್ಟಿ ಹೆಣೆಯುತ್ತೇನೆ ಎಂದಳು. ಮೈಯೆಲ್ಲ ಗಿಳಿ ಹಸಿರು, ನಡುವೆ ಅರಿಶಿನ ಬಣ್ಣದ ಹೂವು. ನಾನು ಅರಕಲಗೂಡಿನ ಪೇಟೆಗೆ ಹೋದೆ. ಅಂಗಡಿಯವರು ಹಳದಿ ಕೊಟ್ಟರು. ಹಸಿರು ಮೇಲಿನ ಹಲಗೆಯಲ್ಲಿತ್ತು, ನನ್ನ ಕಣ್ಣಿಗೇ ಕಾಣುತ್ತಿತ್ತು. ಅವರು ಕೆಳಗಿದ್ದ ಕಪ್ಪು ವೈರಿನ ಕಟ್ಟನ್ನು ಮುಂದಿಟ್ಟು ಇದೇ ಗಟ್ಟಿ, ತಗೊಳ್ಳಿ ಎಂದರು. ಅಂಗಡಿ ತುಂಬ ಗಂಡಸರಿದ್ದರು. ಏಣಿ ಹತ್ತಿ ಅದನ್ನು ಇಳಿಸಿಕೊಡಿ ಎನ್ನಲು ನನಗೆ ಬಾಯಿ ಬರಲಿಲ್ಲ. ಕಪ್ಪನ್ನೇ ತಂದೆ. ಅವಳು ಕೈಗೆ ತೆಗೆದುಕೊಂಡು ಕೇಳಿದಾಗ ಗಿಳಿ ಹಸಿರೇ ಎಂದೆ.

ಅದು ಮೊದಲ ಸಲವೇನೂ ಅಲ್ಲ. ಹಿಂದೆಯೂ ನೀಲಿ ತಂದು ಹಸಿರು ಎಂದಿದ್ದೆ, ಕಂದು ತಂದು ಕೆಂಪು ಎಂದಿದ್ದೆ. ಕಾಣದವಳಿಗೆ ಯಾವುದಾದರೇನು ಎಂಬ ಮಾತು ಮನಸ್ಸಿನಲ್ಲಿತ್ತು. ಈ ಸಲ ಮಾತ್ರ ಹೆದರಿಕೆಯಾಯಿತು. ಮಡಿಲಕ್ಕಿಗೆ ಕಪ್ಪು ತಾಗಿಸುವವರು ನಮ್ಮಲ್ಲಿ ಯಾರೂ ಇಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎನ್ನುತ್ತಿದ್ದೆ. ಮದುವೆಯ ತನಕ ಯಾರಿಗೂ ತೋರಿಸಬಾರದೆಂದು ಅವಳು ಕೋಣೆಯ ಬಾಗಿಲು ಹಾಕಿಕೊಂಡು ಹೆಣೆಯುತ್ತಿದ್ದಳು. ಬುಟ್ಟಿ ದಿನಕ್ಕೆ ನಾಲ್ಕು ಬೆರಳು ಏರುತ್ತಿತ್ತು. ಏರಿದಷ್ಟೂ ನನ್ನ ಬಾಯಿ ಕಟ್ಟಿತು. ಉಡುಗೊರೆಗಳ ರಾಶಿಯಲ್ಲಿ ಎಲ್ಲೋ ಮೂಲೆಗೆ ಸೇರಿಹೋಗಲಿ ಎಂದು ದೇವರಿಗೆ ಕೈ ಮುಗಿದೆ.

ಹೊಳೆನರಸೀಪುರದ ಛತ್ರದಲ್ಲಿ ಮದುವೆ. ನಾನು ಗಂಡನಿಲ್ಲದವಳು, ಶಾಸ್ತ್ರಗಳಲ್ಲಿ ಮುಂದೆ ನಿಲ್ಲುವಂತಿರಲಿಲ್ಲ. ಹಿಂದಿನ ಕಂಬದ ಹತ್ತಿರ ನಿಂತಿದ್ದೆ, ಅವಳು ನನ್ನ ಸೆರಗು ಹಿಡಿದುಕೊಂಡಿದ್ದಳು. ಮದುಮಗಳ ತಾಯಿ ಕಾಗದ ಬಿಚ್ಚಿ ಬುಟ್ಟಿಯ ಬಣ್ಣ ನೋಡಿದರು. ತಂಗಿಯ ಮನಸ್ಸು ನೋಯಬಾರದೆಂದೋ ಏನೋ ಮಡಿಲಕ್ಕಿಯನ್ನು ಅದಕ್ಕೇ ಸುರಿದು, ನಮ್ಮ ತಂಗಿ ಹೆಣೆದದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಗಂಡಿನ ಕಡೆಯ ಹಿರಿಯ ಹೆಂಗಸೊಬ್ಬರು ಬಗ್ಗಿ ನೋಡಿದರು.

“ಮಡ್ಲಕ್ಕಿಗೆ ಕರೇ ಬುಟ್ಟಿಯಾ? ಯಾರವ್ವ ತಂದಿದ್ದು ಇದ?”

“ಕಣ್ ಕಾಣಾಕಿಲ್ಲ ಕಣಕ್ಕ ಅವ್ಳಿಗೆ,” ಎಂದು ಪಕ್ಕದವರು ಯಾರೋ ಅಂದರು. “ಪಾಪ, ಅವ್ಳಿಗೇನ್ ಗೊತ್ತಾದಾತು. ಮೊರಕ್ಕೆ ಸುರ್ಕೊಳ್ಳಿ, ಓಗ್ಲಿ.”

ಎಲ್ಲವನ್ನೂ ಮೊರಕ್ಕೆ ಸುರಿದುಕೊಂಡರು. ಖಾಲಿ ಬುಟ್ಟಿ ಕೈಯಿಂದ ಕೈಗೆ ಬಂದು ನನ್ನ ಕೈ ಸೇರಿತು. ಬಣ್ಣ ತಪ್ಪಿದ್ದು ನನ್ನಿಂದ ಎಂದು ಆಗಲೇ ಹೇಳಬಹುದಿತ್ತು. ಎಲ್ಲರ ಕಣ್ಣೂ ಇತ್ತ ಕಡೆಯೇ ಇತ್ತು. ನಾನು ನೆಲ ನೋಡುತ್ತಾ ನಿಂತೆ. ಅವಳು ನನ್ನ ಸೆರಗು ಬಿಟ್ಟಳು. ಊಟದ ಪಂಕ್ತಿಗೆ ಹೋಗುವಾಗಲೂ ಹಿಡಿಯಲಿಲ್ಲ, ಗೋಡೆ ಸವರಿಕೊಂಡು ಹೋದಳು.

ವಾಪಸು ಬರುವಾಗ ಬಸ್ಸಿನಲ್ಲಿ ಅರಕಲಗೂಡು ಹತ್ತಿರವಾದಾಗ ಅವಳು ನನ್ನ ಕಡೆ ತಿರುಗಿದಳು. ಆಮೇಲೆ ಕೇಳಿದಳು:

“ಅಳ್ದಿನಾದ್ರೂ ಅಳ್ದಿನೇನಾ ಅತ್ಗೆ?”

ಹಳದಿ ಹಳದಿಯೇ ಎಂದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

“ಗಿಳಿ ಅಸ್ರು ಅಂದ್ರೆ ಏನು ಅಂತ ನಂಗೊತ್ತು,” ಎಂದಳು. “ದಡಾರ ಎದ್ದು ಕಣ್ ಓಗೋವರ್ಗೂ ಏಳ್ ವರ್ಸ ನೋಡಿದೀನಿ. ನಮ್ಮಪ್ಪ ಬತ್ತದ ಒಟ್ಲು ಆಕ್ತಿದ್ದ. ಆ ಸಸಿ ಬಣ್ಣ ಇನ್ನೂ ಅಂಗೇ ಅದೆ ಕಣ್ಣಾಗೆ.”

ಹದಿನೈದು ವರ್ಷ ಒಂದೇ ಮನೆಯಲ್ಲಿದ್ದೆ. ಅವಳ ತಲೆ ಬಾಚಿದ್ದೆ, ಜ್ವರ ಬಂದಾಗ ಗಂಜಿ ಕುಡಿಸಿದ್ದೆ. ಅವಳ ಕಣ್ಣು ಯಾವಾಗ ಹೋಯಿತು ಎಂಬುದು ನನಗೆ ಗೊತ್ತಿರಲಿಲ್ಲ.

ಆಮೇಲೆ ಅವಳು ಹೆಣೆಯುವುದನ್ನೇ ಬಿಟ್ಟಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂರುವುದನ್ನು ನೋಡಲಾಗದೆ ನಾನು ಒಂದು ಮಧ್ಯಾಹ್ನ ಕಪ್ಪು ಬುಟ್ಟಿಯ ಅಂಚು ಬಿಚ್ಚಿ, ಕಣ್ಣು ಮುಚ್ಚಿಕೊಂಡು ಹೆಣೆಯಲು ಕುಳಿತೆ. ಅವಳ ಕಷ್ಟ ತಿಳಿಯಬೇಕೆಂದು ಹಾಗೆ ಮಾಡಿದೆ. ಒಂದು ಸಾಲಿಗೆ ಮೂರು ಕಡೆ ವೈರ್ ಗಂಟಿಗೆ ಸಿಗದೆ ಉಳಿಯಿತು. ಎಷ್ಟನೇ ಗಂಟು ಎಂಬುದೂ ಮರೆಯಿತು. ಅವಳು ಹತ್ತಿರ ಬಂದು ನನ್ನ ಮುಖ ಸವರಿ, ರೆಪ್ಪೆ ಮುಚ್ಚಿರುವುದು ತಿಳಿದು ನಕ್ಕಳು.

“ಕಣ್ ಮುಚ್ಕಂಡ್ರೆ ಕುಲ್ಡಿ ಆಗ್ಬುಟ್ಟೀಯಾ? ನಿಂಗ್ ಬೇಕಾದಾಗ ತಗೀತೀಯ ಬುಡು. ಕಣ್ ಬುಟ್ಕಂಡು ಸರ್ಯಾಗ್ ಕಲ್ತ್ಕೋ.”

ಕಣ್ಣು ಬಿಟ್ಟುಕೊಂಡೇ ಕಲಿತೆ, ಕಲಿಸುತ್ತಾ ಅವಳೂ ಮತ್ತೆ ಹೆಣೆಯತೊಡಗಿದಳು. ಅವಳ ಪಕ್ಕ ಕೂತು ಹೆಣೆಯುವಾಗ ಒಂದು ವಿಷಯ ನನಗೆ ತಿಳಿಯಿತು. ಅವಳು ತಡಕಾಡುತ್ತಿರಲಿಲ್ಲ. ಮೊದಲ ಗಂಟು ಹಾಕುವ ಮುಂಚೆಯೇ ಇಡೀ ಬುಟ್ಟಿ ಬಣ್ಣದ ಸಮೇತ ಅವಳೊಳಗೆ ಇರುತ್ತಿತ್ತು. ಆ ಬಣ್ಣವನ್ನು ನಾನು ಇಷ್ಟು ವರ್ಷ ಕೆಡಿಸಿದ್ದೆ.

ಹಸಿರು ವೈರಿಗೆ ಅವಳೇ ನನ್ನ ಜೊತೆ ಅಂಗಡಿಗೆ ಬಂದಳು. ಹಸಿರು ಎಲ್ಲಿದೆ ಎಂದು ನನ್ನನ್ನು ಕೇಳಿ, ಮೇಲಿನ ಹಲಗೆಯ ಹಸಿರು ಇಳಿಸಪ್ಪ ಎಂದಳು. ಅವರು ಏಣಿ ಹತ್ತಿ ಇಳಿಸಿದರು, ಅಷ್ಟೇ. ಆಮೇಲೆ ಅವಳು ಕಟ್ಟನ್ನು ಎತ್ತಿ ಹಿಡಿದು, ಪಕ್ಕದಲ್ಲಿ ನಿಂತಿದ್ದ ಗುರುತಿಲ್ಲದ ಹೆಂಗಸನ್ನು ಇದು ಯಾವ ಬಣ್ಣ ಎಂದು ಕೇಳಿದಳು. ನಾನು ಈ ಪಕ್ಕದಲ್ಲೇ ಇದ್ದೆ.

ಮುಂದಿನ ವರ್ಷ ಆ ಹುಡುಗಿಗೆ ಸೀಮಂತ. ಗಂಡನ ಮನೆ ಚನ್ನರಾಯಪಟ್ಟಣದಿಂದ ಆಚೆ, ನುಗ್ಗೇಹಳ್ಳಿಯ ಹತ್ತಿರ. ಹಸಿರು ಬುಟ್ಟಿ ಸಿದ್ಧವಾಗಿತ್ತು, ತಳ ನಾನು ಹಾಕಿದ್ದೆ. ಚಿಕ್ಕಜ್ಜಿ ತಾನು ಬರುವುದಿಲ್ಲ ಎಂದಳು. ಬುಟ್ಟಿಯನ್ನು ನನ್ನ ಕೈಗಿಟ್ಟು ಒಂದೇ ಮಾತು ಹೇಳಿದಳು.

“ಅವತ್ತು ತಪ್ಪಿದ್ದು ಯಾರ್ ಕಣ್ಣು ಅಂತ ಅಲ್ಲಿ ಎಲ್ರ ಮುಂದೆ ಏಳ್ಬೇಕು ನೀನು.”

ಹೇಳುತ್ತೇನೆ ಎಂದೆ. ದಾರಿಯುದ್ದಕ್ಕೂ ಬಸ್ಸಿನಲ್ಲಿ ಮಾತು ಜೋಡಿಸಿಕೊಂಡೆ. ಮದುವೆಯಲ್ಲಿ ಬುಟ್ಟಿ ಬಗ್ಗಿ ನೋಡಿದ್ದ ಆ ಹಿರಿಯ ಹೆಂಗಸು ಅಲ್ಲೇ ಜಗಲಿಯ ಮೇಲೆ ಕೂತಿದ್ದರು. ಬುಟ್ಟಿ ಹಿಡಿದು ನೋಡಿ, ಈ ಸಲ ಯಾರೋ ಕಣ್ಣಿರುವವರು ಬಣ್ಣ ಆರಿಸಿಕೊಟ್ಟಿರಬೇಕು ಎಂದರು. ಸುತ್ತ ಇದ್ದವರು ನಕ್ಕರು. ಅದಕ್ಕಿಂತ ಸರಿಯಾದ ಹೊತ್ತು ಇನ್ನೊಂದು ಇರಲಿಲ್ಲ. ಅವರು ಕೊಟ್ಟ ಕಾಫಿ ಕುಡಿದು, ಲೋಟ ಕೆಳಗಿಟ್ಟು, ಹೇಳದೆಯೇ ಎದ್ದು ಬಂದೆ.

ಮನೆಗೆ ಬಂದಾಗ ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಹೇಳಿದೆಯಾ ಎಂದು ಕೇಳಿದಳು. ಹೇಳಿದೆ ಎಂದೆ. ಅವಳು ತಡಕಿ ನನ್ನ ಸೆರಗು ಹಿಡಿದುಕೊಂಡಳು. ಅವತ್ತಿನಿಂದ ಇವತ್ತಿನ ತನಕ ಹಿಡಿದೇ ಓಡಾಡುತ್ತಾಳೆ.

ನೀವು ಕೇಳಿದ್ದಕ್ಕೆ ಉತ್ತರ ಇದು. ಬರೆದು ಮುಗಿಸಿದ ಮೇಲೆ ನನಗೆ ಇನ್ನೊಂದು ಹೊಳೆಯಿತು. ಅವಳಿಗೆ ಓದಲು ಬಾರದು ಎಂಬ ಧೈರ್ಯದ ಮೇಲೇ ಇದನ್ನೆಲ್ಲ ಬರೆದಿದ್ದೇನೆ. ಇದೂ ಕಪ್ಪು ವೈರ್ ತಂದ ಹಾಗೆಯೇ ಆಯಿತು. ಆದ್ದರಿಂದ ಈ ಹಾಳೆಗಳನ್ನು ಹರಿಯಲು, ಒದ್ದೆಯಾಗಲು ಬಿಡಬೇಡಿ, ನಿಮ್ಮ ಪುಸ್ತಕಗಳ ನಡುವೆ ಇಟ್ಟುಕೊಳ್ಳಿ. ಬೇಸಿಗೆ ರಜೆಗೆ ಬಂದಾಗ ಚಿಕ್ಕಜ್ಜಿಯನ್ನು ಜಗಲಿಯ ಮೇಲೆ ಕೂರಿಸಿ, ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿ ಹೇಳಿ. ನಾನು ಎದ್ದು ಒಳಗೆ ಹೋಗಲು ನೋಡಿದರೆ ಬಿಡಬೇಡಿ. ಆಮೇಲೆ ಅವಳು ಎಲ್ಲಿಗೆ ಹೇಳಿದರೆ ಅಲ್ಲಿಗೆ, ನುಗ್ಗೇಹಳ್ಳಿಯ ಕಡೆಗಾದರೂ ಸರಿ, ಹಾಳೆಗಳನ್ನು ತೆಗೆದುಕೊಂಡು ಹೋಗಿ ಓದಿ. ಅಲ್ಲಿಯ ತನಕ ಒಂದು ಹಾಳೆಯೂ ಕಳೆಯದಂತೆ ನೋಡಿಕೊಳ್ಳಿ.