ಮೇಷ್ಟ್ರು ಕೊಟ್ಟ ಸುವನೀರ್

ಬೈಂದೂರಿನಲ್ಲಿ ನಮಗೆ ಇಂಗ್ಲಿಷ್ ಕಲಿಸಿದ ಮೇಷ್ಟ್ರು ಪದದ ಮೂಲ ಹೇಳುವಾಗಲೆಲ್ಲ ಹಣೆಗೆ ಬೆರಳು ತಟ್ಟುತ್ತಿದ್ದರು. ಸುವನೀರ್ ಎಂದರೆ ಫ್ರೆಂಚಿನಲ್ಲಿ ನೆನಪಾಗುವುದು. ಇಂಗ್ಲಿಷಿಗೆ ಬಂದು ಅಂಗಡಿಯಲ್ಲಿ ಕೊಳ್ಳುವ ನೆನಪಿನ ಕಾಣಿಕೆಯಾಯಿತು. "ಅದ್ ಸಾಮಾನ್ ಅಲ್ಲ ಮಾರಾಯಾ, ನೆನ್ಪ್ ಆಪ್ದ್" ಎನ್ನುತ್ತಿದ್ದರು.

ಕಳೆದ ವರ್ಷ ಕೊಲ್ಲೂರಿನಲ್ಲಿ ಒಂದು ಅಂಗಡಿಯೆದುರು ಸಿಕ್ಕರು. ಆಗಷ್ಟೇ ಕೊಂಡ ಕೀ ಚೈನನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು.

"ಹ್ವಾಯ್, ಇದ್ ಯಾರಿಗೆ ತಕಂಡದ್ದ್ ಅಂದೇಳಿ ನೆನ್ಪ್ ಆತಿಲ್ಲೆ. ನಿಮ್ಗೆ ಗೊತ್ತಿತ್ತಾ?"

ಅವರು ಯಾವತ್ತೂ ನನ್ನನ್ನು 'ನೀವು' ಎಂದವರಲ್ಲ. ಗಲಿಬಿಲಿಯಾಗಿ, "ನಂಗೇ ಸರ್" ಎಂದುಬಿಟ್ಟೆ. ಅವರು ಹಣೆ ತಟ್ಟಿಕೊಂಡು, ನಕ್ಕು, ಅದನ್ನು ನನ್ನ ಕೈಗಿಟ್ಟರು.

ನಮ್ಮ ಮನೆಯ ಕೀಲಿ ಈಗ ಅದರಲ್ಲೇ ಇದೆ. ನಾನು ಸುಳ್ಳು ಹೇಳಿದೆನೋ, ಅವರು ನಿಜಕ್ಕೂ ನನಗೆಂದೇ ಕೊಂಡಿದ್ದರೋ, ಬಾಗಿಲು ತೆರೆಯುವಾಗಲೆಲ್ಲ ಯೋಚಿಸುತ್ತೇನೆ.