ಫ್ರಿಜ್ಜಿನ ಮೇಲಿನ ಕಾನೂನು

“ಆ ಕಾಲದಲ್ಲಿ” ಎಂದು ಶುರು ಮಾಡಲು ನನಗಿನ್ನೂ ವಯಸ್ಸು ಸಾಲದು. ಹತ್ತೊಂಬತ್ತು ಕೂಡ ತುಂಬಿಲ್ಲ. ಅಮ್ಮ ಕೇಳಿದರೆ ಹೊಟ್ಟೆ ಹಿಡಿದುಕೊಂಡು ನಗುತ್ತಾಳೆ. ಆದರೂ ಹಾಗೆಯೇ ಶುರು ಮಾಡುತ್ತೇನೆ. ಆ ಕಾಲದಲ್ಲಿ ಕ್ಯಾಲಿಫೋರ್ನಿಯಾದ ಪೊವೇಯ ನಮ್ಮ ಬಾಡಿಗೆ ಮನೆಯಲ್ಲಿ ಬೇಸಿಗೆ ಎಂದರೆ ಕೂದಲಿಗೆ ಅಂಟಿದ ಕ್ಲೋರಿನ್ ವಾಸನೆ, ಬಿಸಿಲಿಗೆ ಕಾದ ಡಾಂಬರಿನ ವಾಸನೆ, ಅಡುಗೆಮನೆಯ ಮೂಲೆಯಲ್ಲಿ ರಟ್ಟಿನ ಡಬ್ಬಿಯೊಳಗೆ ಹಣ್ಣಾಗುತ್ತಿದ್ದ ಮೆಕ್ಸಿಕೋ ಮಾವಿನ ವಾಸನೆ. ಬೆಳಗ್ಗೆ ಡ್ರೈವ್‌ವೇ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಕುಂಟಬಿಲ್ಲೆ, ಮಧ್ಯಾಹ್ನ ಕಮ್ಯುನಿಟಿ ಪೂಲ್, ಸಂಜೆ ಶೇಂಗಾ ಚಟ್ನಿ ಹಚ್ಚಿ ಸುರುಳಿ ಸುತ್ತಿದ ರೊಟ್ಟಿ. ನನಗೆ ಹದಿನಾಲ್ಕು, ತಂಗಿ ಇಂಚರಳಿಗೆ ಐದು.

ನಾನು ಧಾರವಾಡದಲ್ಲಿ ಮೂರನೇ ಕ್ಲಾಸು ಮುಗಿಸಿ ಬಂದವಳು. ಇಂಚರ ಹುಟ್ಟಿದ್ದೇ ಇಲ್ಲಿ. ಅವಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು. ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಇದು ನಮ್ಮ ಮನೆಯೊಂದರ ಕಥೆಯಲ್ಲ, ಇಲ್ಲಿ ಯಾರ ಮನೆಗೆ ಹೋದರೂ ಹಾಗೆಯೇ. ಆದರೆ ಪ್ರತಿ ಭಾನುವಾರ ಬೆಳಗ್ಗೆ ಧಾರವಾಡದ ದೊಡ್ಡಪ್ಪನ ಮನೆಯಿಂದ ಅಜ್ಜಿ ಫೋನ್ ಮಾಡುತ್ತಿದ್ದಳು, ಅಜ್ಜಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ. ಇಂಚರ “ಹಾಯ್ ಅಜ್ಜಿ” ಎಂದು ಇಂಗ್ಲಿಷಿನಲ್ಲಿ ಪಟಪಟನೆ ಏನೋ ಹೇಳಿ ಫೋನನ್ನು ನನ್ನ ಕೈಗೆ ತುರುಕುತ್ತಿದ್ದಳು.

“ಕೂಸು ಏನಂತು? ನೀನಾರ ಹೇಳವಾ” ಎನ್ನುತ್ತಿದ್ದಳು ಅಜ್ಜಿ.

ನಾನು ಹೇಳುತ್ತಿದ್ದೆ. ಕೊರೋನಾದಿಂದ ಓಡಾಟ ನಿಂತಿತ್ತು, ಆಮೇಲೆ ವೀಸಾಕ್ಕೆ ತಾರೀಖೇ ಸಿಗಲಿಲ್ಲ. ಎರಡು ವರ್ಷ ಸ್ವಂತ ಅಜ್ಜಿ ಮೊಮ್ಮಗಳ ನಡುವೆ ನಾನು ದುಭಾಷಿ. ಆಗಸ್ಟ್‌ನಲ್ಲಿ ಇಂಚರ ಕಿಂಡರ್‌ಗಾರ್ಟನ್‌ಗೆ ಹೋಗುವವಳಿದ್ದಳು. ಬೆಂಗಳೂರಿನ ಆಂಟಿಯೊಬ್ಬರು ಒಂದು ದಿನ ಊಟಕ್ಕೆ ಬಂದು ನಮ್ಮ ಸೋಫಾದಲ್ಲೇ ಕೂತು, “ಸ್ಕೂಲ್ ಶುರುವಾಗ್ಲಿ, ಆಮೇಲೆ ಮುಗೀತು ಬಿಡಿ. ನಮ್ಮನೇಲೂ ಹಂಗೇ ಆಗಿದ್ದು” ಎಂದು ಹಪ್ಪಳ ಮುರಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಾನು ಹುಟ್ಟಾ ಹಟಮಾರಿ. ಶಾಲೆ ಶುರುವಾಗುವುದರೊಳಗೆ ಇಂಚರ ನನ್ನ ಸಹಾಯವಿಲ್ಲದೆ ಅಜ್ಜಿಯ ಜೊತೆ ಮಾತಾಡಲೇಬೇಕು ಎಂದು ಅವತ್ತೇ ತೀರ್ಮಾನಿಸಿದೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಉಪಾಯ ಕೆನಡಾದ ಮಾಂಟ್ರಿಯಲ್‌ನಿಂದ ಬಂತು. ಜೂನ್‌ನಲ್ಲಿ ಅಪ್ಪನ ಅಕ್ಕ, ಶಾರದತ್ತೆ, ಮಗಳು ಮೈತ್ರಿಯನ್ನು ಕರೆದುಕೊಂಡು ರಜೆಗೆ ನಮ್ಮಲ್ಲಿಗೆ ಬಂದಳು. ಮೈತ್ರಿ ನನಗಿಂತ ಒಂದು ವರ್ಷ ದೊಡ್ಡವಳು, ಫ್ರೆಂಚ್ ಶಾಲೆಯ ಹುಡುಗಿ. ಆ ವರ್ಷ ಅವರ ಪ್ರಾಂತ್ಯ ಕೆಬೆಕ್‌ನಲ್ಲಿ ಫ್ರೆಂಚ್ ಉಳಿಸುವ ಕಾನೂನನ್ನು ಇನ್ನಷ್ಟು ಬಿಗಿ ಮಾಡಿದ್ದರು. ಮೊದಲ ದಿನದ ಊಟಕ್ಕೆ ಅತ್ತೆ ಅದನ್ನೇ ತೆಗೆದಳು.

“ಅಲ್ಲಿ ಅಂಗಡಿ ಬೋರ್ಡಿನ ಮ್ಯಾಲೆ ಫ್ರೆಂಚ್ ದೊಡ್ಡದಿರಬೇಕು, ಇಂಗ್ಲಿಷ್ ಸಣ್ಣದು. ಇಲ್ಲಾಂದ್ರ ಇನ್‌ಸ್ಪೆಕ್ಟರ್ ಬಂದು ಬಾಗಲದಾಗ ನಿಲ್ತಾನ. ನಮ್ಮಂಥವ್ರ ಮಕ್ಕಳು ಫ್ರೆಂಚ್ ಸಾಲಿಗೇ ಹೋಗಬೇಕು.”

“ಇದು ಜಬರ್ದಸ್ತಿ ಅಲ್ಲೇನಕ್ಕ?” ಎಂದರು ಅಪ್ಪ.

“ಜಬರ್ದಸ್ತೀನ. ಮೂವತ್ತೆಂಟನೇ ವಯಸ್ಸಿಗೆ ಸಂಜಿ ಕ್ಲಾಸಿಗೆ ಹೋಗಿ ಬಾಯಿಪಾಠ ಮಾಡೀನಿ. ದಿನಾ ಬೈಕೊಂತ ಹೋಗ್ತಿದ್ದೆ. ಆದ್ರ ಸುತ್ತೆಲ್ಲ ಇಂಗ್ಲಿಷ್ ಇದ್ರೂ ಅವರ ಭಾಷಾ ಉಳದೈತಿ ನೋಡು. ಕಾವಲು ಕುಂತಾರ, ಅದಕ್ಕ. ನಮ್ಮ ಭಾಷಾಕ್ಕ ಇಲ್ಲಿ ಯಾರು ಕುಂತಾರ?”

ಅಪ್ಪ ಅನ್ನಕ್ಕೆ ಮೊಸರು ಹಾಕಿಕೊಂಡರು. ನಾನು ಮೈತ್ರಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಿದಳು.

ಮರುದಿನ ಬೆಳಗ್ಗೆ ಚಾರ್ಟ್ ಪೇಪರ್ ಹರಡಿಕೊಂಡು ನೆಲದ ಮೇಲೆ ಕೂತು ಕಾನೂನು ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದೆವು. ಮನೆ, ಕಾರು ಮತ್ತು ಗುಡಿಯಲ್ಲಿ ಕನ್ನಡ ಮಾತ್ರ. ಮನೆಯ ಪ್ರತಿ ಸಾಮಾನಿಗೂ ಚೀಟಿ, ಚೀಟಿಯಲ್ಲಿ ಕನ್ನಡದ ಅಕ್ಷರ ಇಂಗ್ಲಿಷಿನ ಎರಡರಷ್ಟು. ಮೈತ್ರಿ ಸ್ಕೇಲ್ ಹಿಡಿದು ಅಳೆದು ಅಳೆದು ಬರೆದಳು. ಯಾವುದು ಕನ್ನಡ, ಯಾವುದಲ್ಲ ಎಂಬ ಜಗಳ ಬಂದಾಗ ನಾನೇ ತೀರ್ಪು ಕೊಟ್ಟೆ: ಅಜ್ಜಿಯ ಬಾಯಲ್ಲಿ ಬರುವುದೆಲ್ಲ ಕನ್ನಡ. ಹಾಗಾಗಿ ಕಾರು, ಫ್ರಿಜ್, ಟೈಮು, ಬಸ್ಸು ಪಾರಾದವು. ತಪ್ಪಿದವರಿಗೆ ಆ ದಿನ ಮಾವಿನ ಹಣ್ಣಿಲ್ಲ. ಇನ್‌ಸ್ಪೆಕ್ಟರ್ ಯಾರೆಂದು ಹೇಳಬೇಕಿಲ್ಲ. ಅಪ್ಪನ ಹಳೆಯ ಕ್ಲಿಪ್‌ಬೋರ್ಡು ಹಿಡಿದು, ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು ಮನೆಯೆಲ್ಲ ಓಡಾಡಿದೆ.

ಮೊದಲ ವಾರ ದೊಡ್ಡವರೇ ಹೆಚ್ಚು ಸಿಕ್ಕಿಬಿದ್ದರು. ಹಾಲು ಉಕ್ಕಿದಾಗ ಅಮ್ಮ “ಓ ಮೈ ಗಾಡ್” ಎಂದು ಹಣ್ಣು ಕಳೆದುಕೊಂಡಳು. ಅಪ್ಪನ ಆಫೀಸು ಆಗ ಮನೆಯಿಂದಲೇ ನಡೆಯುತ್ತಿತ್ತು. ಕಾನೂನು ಗ್ಯಾರೇಜಿಗೆ ಅನ್ವಯಿಸುವುದಿಲ್ಲವೆಂದು ಪಾಪ, ಲ್ಯಾಪ್‌ಟಾಪ್ ಹಿಡಿದು ಆ ಸೆಕೆಯಲ್ಲಿ ವಾಷಿಂಗ್ ಮಷೀನಿನ ಪಕ್ಕ ಕೂತು ಮೀಟಿಂಗ್ ಮುಗಿಸುತ್ತಿದ್ದರು. ನಾವೆಲ್ಲ ಬಿದ್ದು ಬಿದ್ದು ನಗುತ್ತಿದ್ದೆವು.

ಇಂಚರ ನಗಲಿಲ್ಲ. ನಾಲ್ಕು ದಿನ ಸತತವಾಗಿ ಅವಳಿಗೆ ಹಣ್ಣು ಸಿಗಲಿಲ್ಲ. ಅತ್ತಳು, ನೆಲದ ಮೇಲೆ ಉರುಳಾಡಿದಳು. ಅಮ್ಮ ಮೂಲೆಯಲ್ಲಿ ಕರೆದು ಒಂದು ಹೋಳು ಬಾಯಿಗಿಡುವುದನ್ನು ನಾನು ಹಿಡಿದೆ. “ಅಮ್ಮಾ, ನೀನ ಹಿಂಗ ಮಾಡಿದ್ರ ಹೆಂಗ?” ಎಂದು ಗದರಿದ್ದು ನೆನೆದರೆ ಈಗ ನಾಚಿಕೆಯಾಗುತ್ತದೆ. ಎರಡನೇ ವಾರ ಅವಳ ಬಾಯಿಂದ “ನೀರು”, “ಸಾಕು”, “ಅಕ್ಕ ಬಾ” ಹೊರಟವು. ನಾನು ಗೆದ್ದೆನೆಂದುಕೊಂಡೆ. ಮೂರನೇ ವಾರ ಅವಳದು ಒಂದೇ ಒಂದು ತಪ್ಪಿಲ್ಲ. ದಿನಾ ಫ್ರಿಜ್ಜಿನ ಮೇಲೆ ಅವಳ ಹೆಸರಿನ ಮುಂದೆ ಒಂದು ನಕ್ಷತ್ರ ಅಂಟಿಸಿದೆ. ಮನೆಯಲ್ಲಿ ಅವಳ ದನಿಯೇ ಕೇಳುತ್ತಿಲ್ಲವೆಂಬುದು ನನ್ನ ಗಮನಕ್ಕೆ ಬರಲಿಲ್ಲ. ತಪ್ಪು ಹುಡುಕುತ್ತಿದ್ದವಳಿಗೆ ತಪ್ಪಿಲ್ಲದಿದ್ದದ್ದೇ ದೊಡ್ಡದಾಗಿ ಕಂಡಿತ್ತು.

ಆ ಶನಿವಾರ ಎಲ್ಲರೂ ಕ್ಯಾಲಬಾಸಸ್ ದೇವಸ್ಥಾನಕ್ಕೆ ಹೊರಟೆವು. ಕಾರಿನಲ್ಲಿ ಎರಡೂವರೆ ಗಂಟೆ. ಇಂಚರ ಕಿಟಕಿಗೆ ತಲೆ ಒತ್ತಿಕೊಂಡು, ಬಲಗಿವಿಯ ಮೇಲೆ ಅಂಗೈ ಇಟ್ಟು ಕೂತಿದ್ದಳು.

“ಏನಾತು ಇಂಚು?” ಎಂದೆ.

ಏನಿಲ್ಲವೆಂದು ತಲೆಯಾಡಿಸಿದಳು. ಕೊನೆಯ ಗುಡ್ಡದ ತಿರುವುಗಳಲ್ಲಿ ಅವಳ ಕಣ್ಣಲ್ಲಿ ಸುಮ್ಮನೆ ನೀರಿಳಿಯುತ್ತಿತ್ತು. ಅಮ್ಮ ಅದನ್ನು ವಾಂತಿ ಬರುವ ಸಂಕಟವೆಂದು ತಿಳಿದು ಕೈಗೆ ನಿಂಬೆಹಣ್ಣು ಕೊಟ್ಟಳು. ದೇವಸ್ಥಾನದಲ್ಲಿ ಅವಳಿಗೆ ಪ್ರಾಣವಾದ ಪುಳಿಯೋಗರೆಯನ್ನೂ ಮುಟ್ಟಲಿಲ್ಲ. ಅಲ್ಲಿಯೂ ನಾನು ಮತ್ತೆ ಕೇಳಿದೆ, ಅವಳು ಮತ್ತೆ ತಲೆಯಾಡಿಸಿದಳು.

ವಾಪಸ್ ಬರುವಾಗ ಜೋಳದ ಹಿಟ್ಟು, ಶೇಂಗಾ ತರಲೆಂದು ವೆಸ್ಟ್ ಕೊವಿನಾದ ಇಂಡಿಯನ್ ಅಂಗಡಿಯೊಂದರ ಮುಂದೆ ಇಳಿದೆವು. ನಾನೂ ಇಂಚರಳೂ ಬಿಲ್ಲಿಂಗ್ ಕೌಂಟರಿನ ಹತ್ತಿರ ನಿಂತಿದ್ದೆವು. ನಾನು ಮ್ಯಾಗಜೀನೊಂದನ್ನು ತಿರುವಿ ಹಾಕುತ್ತಿದ್ದಾಗ ಕೌಂಟರಿನ ವಯಸ್ಸಾದ ಹೆಂಗಸು ಬಾಗಿ ಅವಳಿಗೊಂದು ಪೆಪ್ಪರ್‌ಮೆಂಟು ಕೊಟ್ಟರು. ಇಂಚರ ತುದಿಗಾಲಲ್ಲಿ ನಿಂತು ಅವರಿಗೆ ಇಂಗ್ಲಿಷಿನಲ್ಲಿ ಪಿಸುಗುಟ್ಟಿದ್ದು ನನಗೆ ಕೇಳಿಸಿತು. ನನ್ನ ಕಿವಿ ತುಂಬಾ ನೋಯುತ್ತಿದೆ, ನಮ್ಮ ಅಕ್ಕನಿಗೆ ಹೇಳಬೇಡಿ.

ಮ್ಯಾಗಜೀನನ್ನು ಅಲ್ಲೇ ಬಿಟ್ಟೆ. ಅವಳ ಮುಂದೆ ಕೂತು, ಯಾವಾಗಿನಿಂದ, ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಅವಳು ಹೆದರಿ ಒಂದು ಹೆಜ್ಜೆ ಹಿಂದೆ ಸರಿದಳು. ನನ್ನ ತಂಗಿ ನನ್ನನ್ನು ಕಂಡು ಹಿಂದೆ ಸರಿದಳು. ಆಮೇಲೆ ಇಂಗ್ಲಿಷಿನಲ್ಲಿ ಕೇಳಿದಳು: ಇದು ಅಂಗಡಿಯಲ್ಲವಾ? ಅಂಗಡಿಯಲ್ಲಿ ಇಂಗ್ಲಿಷ್ ಆಡಬಹುದಲ್ಲವಾ? ಕಿವಿ ಅನ್ನಲು ನನಗೆ ಬರುತ್ತಿತ್ತು, ನೋಯುತ್ತಿದೆ ಅನ್ನಲು ಬರುತ್ತಿರಲಿಲ್ಲ.

ಗುರುವಾರ ಪೂಲಿನಿಂದ ಬಂದಾಗಿನಿಂದ ನೋವಿತ್ತು. ಶುಕ್ರವಾರ ನಾವು ಮನೆಬಿಟ್ಟು ಹೊರಗೆ ಹೋಗಿರಲಿಲ್ಲ. ಮನೆ ಕನ್ನಡ, ಕಾರು ಕನ್ನಡ, ಗುಡಿ ಕನ್ನಡ. ಐದು ವರ್ಷದ ಹುಡುಗಿ ಎರಡು ದಿನ ಹಲ್ಲು ಕಚ್ಚಿಕೊಂಡು ಕಾನೂನು ಇಲ್ಲದ ಜಾಗಕ್ಕಾಗಿ ಕಾದಿದ್ದಳು.

ಅಲ್ಲೇ ಹತ್ತಿರದ ಅರ್ಜೆಂಟ್ ಕೇರ್ ಕ್ಲಿನಿಕ್‌ಗೆ ಕರೆದೊಯ್ದೆವು. ಕಿವಿಯೊಳಗೆ ಬಾತು ಕೆಂಪಾಗಿತ್ತು. ಪೂಲಿನ ನೀರಿನಿಂದ ಆದದ್ದು, ಹನಿ ಹಾಕಿದರೆ ವಾಸಿಯಾಗುತ್ತದೆ ಎಂದರು ಡಾಕ್ಟರ್. ಅವರು ಕೇಳಿದ್ದಕ್ಕೆಲ್ಲ ಇಂಚರ ಅರಳು ಹುರಿದಂತೆ ಉತ್ತರ ಕೊಟ್ಟಳು. ಅವಳು ಅಷ್ಟು ಮಾತಾಡಿದ್ದನ್ನು ಕೇಳಿ ಮೂರು ವಾರವಾಗಿತ್ತು. ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನನ್ನನ್ನು ಯಾರೂ ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು.

ಪಾರ್ಕಿಂಗ್ ಲಾಟಿನಲ್ಲಿ ನಾನು ಹೇಳಿದೆ: “ಮನಿಗೆ ಹೋದ ಕೂಡಲೇ ಹರದು ಒಗೀತೀನಿ ಅದನ್ನ.”

“ಯಾಕ ಹರೀತಿ?” ಎಂದಳು ಶಾರದತ್ತೆ. “ಅಲ್ಲಿ ಕಾಯಿದೆ ಎಷ್ಟ ಬಿಗಿ ಇದ್ರೂ ದವಾಖಾನಿಗೆ, ಜೀವದ ಮಾತಿಗೆ ಬ್ಯಾರೆ ಭಾಷಾದಾಗ ಮಾತಾಡ್ಲಿಕ್ಕೆ ಅವಕಾಶ ಬಿಟ್ಟಾರ. ಬೋರ್ಡು, ಇನ್‌ಸ್ಪೆಕ್ಟರ್, ದಂಡ ಎಲ್ಲಾ ನಕಲು ಹೊಡದ್ರಿ. ಆ ಒಂದ ಸಾಲು ಬಿಟ್ರಿ. ನಾನೂ ನೋಡ್ಕೊಂತ ಸುಮ್ನ ಕುಂತೆ, ನಂದೂ ತಪ್ಪೈತಿ.”

ಮೈತ್ರಿ ಕಾರಿನ ಬಾಗಿಲು ಹಿಡಿದುಕೊಂಡು ನಿಧಾನ ಹೇಳಿದಳು: “ಫ್ರೆಂಚ್ ಸಾಲಿಗೆ ಹೋದ ಮೊದಲನೇ ತಿಂಗಳು ಬಾತ್ರೂಮಿಗೆ ಹೋಗ್ಬೇಕು ಅಂತ ಕೇಳಾಕ ನನಗ ಬರ್ತಿದ್ದಿಲ್ಲ. ಬೆಂಚಿನ ಮ್ಯಾಲೆನ ಆಗಿಬಿಡ್ತು. ಎಲ್ಲಾರೂ ನೋಡಿದ್ರು. ಅವ್ವಗೂ ಹೇಳಿಲ್ಲ ನಾ.” ಅತ್ತೆ ಮಗಳನ್ನು ನೋಡಿದಳು. ಎಂಟು ವರ್ಷದ ಹಿಂದಿನ ಮಾತು. ಹತ್ತಿರ ಬಂದು ಅವಳ ತಲೆಯನ್ನು ಎದೆಗೆ ಒತ್ತಿಕೊಂಡಳು.

ಹರಿಯಲಿಲ್ಲ. ಭಾನುವಾರ ಮತ್ತೊಂದು ಚಾರ್ಟ್ ಪೇಪರ್ ತೆಗೆದು ಹೊಸದಾಗಿ ಬರೆದೆವು, ಈ ಸಲ ಇಂಚರಳನ್ನು ನಡುವೆ ಕೂರಿಸಿಕೊಂಡು. ನೋವು, ಹೆದರಿಕೆ, ಹಸಿವು ಯಾವ ಭಾಷೆಯಲ್ಲಾದರೂ ಹೇಳಬಹುದು ಎಂಬುದು ಮೊದಲ ಸಾಲು. ಇಂಚರ ಇಂಗ್ಲಿಷಿನಲ್ಲಿ ಏನೇ ಹೇಳಿದರೂ ಕೇಳಿಸಿಕೊಂಡವರು ಅದನ್ನು ಕನ್ನಡದಲ್ಲಿ ಅವಳಿಗೆ ಹೇಳಿಕೊಡಬೇಕು, ಹೇಳಿಕೊಡದಿದ್ದರೆ ದಂಡ ದೊಡ್ಡವರಿಗೆ. ಕ್ಲಿಪ್‌ಬೋರ್ಡನ್ನು ಅಪ್ಪನಿಗೆ ಹಿಂತಿರುಗಿಸಿದೆ. ನನ್ನ ಹಟವನ್ನು ಮಾತ್ರ ಬಿಡಲಿಲ್ಲ. ಕುಂಟಬಿಲ್ಲೆ ಆಡುವಾಗ, ತಲೆ ಬಾಚುವಾಗ, ಕಿವಿಗೆ ಹನಿ ಹಾಕುವಾಗ ಅವಳು ಹೇಳಿದ ಒಂದೊಂದು ಮಾತನ್ನೂ ಕನ್ನಡಕ್ಕೆ ತಿರುಗಿಸಿ ಅವಳ ಕೈಗಿಟ್ಟೆ. ಕೆಲವು ದಿನ ನೂರು ಸಲ. ಅವಳು ತಿರುಗಿ ಹೇಳಿದರೆ ಸರಿ, ಹೇಳದಿದ್ದರೂ ಸರಿ.

ಜುಲೈ ಕೊನೆಗೆ ಅತ್ತೆ, ಮೈತ್ರಿ ಹೊರಟುಹೋದರು. ಶಾಲೆ ಶುರುವಾಗುವ ಹಿಂದಿನ ಭಾನುವಾರ ಅಜ್ಜಿಯ ಫೋನ್ ಬಂತು. ಇಂಚರ ಫೋನನ್ನು ನನಗೆ ಕೊಡಲಿಲ್ಲ. ಎರಡೂ ಕೈಯಲ್ಲಿ ಹಿಡಿದು, “ಅಜ್ಜಿ, ನನ್ನ ಕಿವಿ ನೋಯ್ತಿತ್ತು. ಅಕ್ಕ ಔಷಧ ಹಾಕಿದ್ಲು. ಈಗ ಇಲ್ಲ” ಎಂದಳು.

ಆ ಕಡೆಯಿಂದ ಅಜ್ಜಿ, “ಹೌದನವಾ? ಭಾಳ ನೋವಾತೇನು?” ಎಂದಳು. ಇಬ್ಬರೂ ಹದಿನೈದು ನಿಮಿಷ ಮಾತಾಡಿದರು. ಮಾಡಲು ಕೆಲಸವಿಲ್ಲದೆ ನಾನು ಬಚ್ಚಲಿಗೆ ಹೋಗಿ ಸಂತೋಷಕ್ಕೆ ಅತ್ತೆ.

ಕಥೆ ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಬಾಡಿಗೆ ಮನೆ ಬಿಡುವಾಗ ಚಾರ್ಟ್ ಪೇಪರ್ ಎಲ್ಲಿ ಹೋಯಿತೋ ಗೊತ್ತಿಲ್ಲ. ಮೈತ್ರಿ ಈಗ ಮೆಸೇಜಿನಲ್ಲಿ ಇಂಗ್ಲಿಷ್ ಬರೆಯುತ್ತಾಳೆ, ನಡುವೆ ಫ್ರೆಂಚ್. ಇಂಚರಳಿಗೆ ಒಂಬತ್ತು. ಆ ಆಂಟಿ ಹೇಳಿದ್ದು ಮುಕ್ಕಾಲು ಪಾಲು ನಿಜವಾಯಿತು: ಶಾಲೆ ಅವಳ ಬಾಯನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಿತು. ಆದರೂ ಭಾನುವಾರದ ಹದಿನೈದು ನಿಮಿಷ ಉಳಿದಿತ್ತು, ಆ ಕಡೆ ಇಂಗ್ಲಿಷ್ ಬಾರದವಳೊಬ್ಬಳು ಕಾಯುತ್ತಿದ್ದಳಲ್ಲ. ಕಳೆದ ವರ್ಷ ಅಜ್ಜಿ ತೀರಿಕೊಂಡಳು. ಇಂಗ್ಲಿಷ್ ಬಾರದವರು ಒಬ್ಬರೂ ಈಗ ನಮ್ಮ ಬಳಗದಲ್ಲಿಲ್ಲ. ನಾವು ಬರೆದ ಎರಡು ಕಾನೂನೂ ಅವಳ ಬಲದಿಂದ ನಡೆದಿದ್ದವೆಂದು ನನಗೆ ಆಗ ತಿಳಿಯಿತು.

ಅಜ್ಜಿ ಹೋದ ಸುದ್ದಿ ಬಂದ ದಿನ ಇಂಚರ ನನ್ನ ಪಕ್ಕದಲ್ಲಿ ಕೂತು ಇಂಗ್ಲಿಷಿನಲ್ಲಿ ಕೇಳಿದಳು, ಇನ್ನು ಮೇಲೆ ಕನ್ನಡದಲ್ಲಿ ಯಾರ ಜೊತೆ ಮಾತಾಡಬೇಕು ಎಂದು.

ಈಗ ನಾನು ಲಾಸ್ ಏಂಜಲೀಸಿನಲ್ಲಿ ಕಾಲೇಜು ಓದುತ್ತಿದ್ದೇನೆ. ಪ್ರತಿ ಭಾನುವಾರ ಬೆಳಗ್ಗೆ ನಾನೇ ಅವಳಿಗೆ ಫೋನ್ ಮಾಡುತ್ತೇನೆ. ಅವಳು ಇಂಗ್ಲಿಷ್ ಶುರು ಮಾಡಿದರೆ, “ಏನಂದಿ? ನನಗ ಇಂಗ್ಲಿಷ್ ಬರಂಗಿಲ್ಲವಾ” ಎನ್ನುತ್ತೇನೆ. “ಅಕ್ಕಾ, ಸುಳ್ಳು!” ಎಂದು ಕಿರುಚುತ್ತಾಳೆ. ನಾನು ಜಗ್ಗುವುದಿಲ್ಲ. ಕೊನೆಗೆ ಬೈದುಕೊಳ್ಳುತ್ತಾ, ತಡವರಿಸುತ್ತಾ ಕನ್ನಡದಲ್ಲಿ ಹೇಳುತ್ತಾಳೆ. ಅವಳು ಅಳುತ್ತಾ ಫೋನ್ ಎತ್ತಿದ ದಿನ ಮಾತ್ರ ನನಗೆ ಇಂಗ್ಲಿಷ್ ಬರುತ್ತದೆ.